ಹಸಿ

ಹಸಿ ಅಂದರೆ ನಮ್ಮಲ್ಲಿ ಬೇಯದ್ದು, ಒಣಗದ್ದು,
ಮಾಯದ ಗಾಯ,
ಎದುರಿಗೇ ನಿಂತು ಹೇಳುವ ಸುಳ್ಳು ಕೂಡ.
ಒಂದು ‘ರು’ ಸೇರಿದರೆ ಬಣ್ಣ.

ಗಾಂಗ್‌ಜಿನ್‌ನ ಹ್ಯೇರಿಮ್‌ಗೆ ಈ ಮಾತು ಗೊತ್ತಿಲ್ಲ.
ಆದರೂ ಅವಳ ಪರದೆಯ ಮೇಲಿರುವುದು ಅದೇ:
ರಾ ಫೈಲು, ಮೂವತ್ತೆಂಟು ಎಂಬಿ.
ಬಿಳಿ ಯಾವುದೆಂದು ಅದಕ್ಕಿನ್ನೂ ಯಾರೂ ಹೇಳಿಕೊಟ್ಟಿಲ್ಲ.
ಬಟ್ಟಲು, ಬಟ್ಟಲ ಹಿಂದಿನ ಗೋಡೆ,
ಗೋಡೆಗೆ ಒರಗಿಸಿ ಮರೆತ ಪೊರಕೆ,
ಎಲ್ಲವೂ ಪಾಚಿಗಟ್ಟಿದ ಬಾವಿಯೊಳಗೆ ಬಿದ್ದಂತೆ.
ಸೆನ್ಸರಿನ ಪ್ರತಿ ನಾಲ್ಕು ಕಣ್ಣಲ್ಲಿ
ಎರಡು ಹಸಿರಿಗೇ ಮೀಸಲಂತೆ.
ಆದರೂ ಈ ಹಸಿರೊಂದು ಅದರ ಲೆಕ್ಕಕ್ಕೆ ಸಿಗುತ್ತಿಲ್ಲ.

ಗೋಡೆಯ ಬೂದಿಯನ್ನು ಮುಟ್ಟಿ ಬಿಳಿ ಗೊತ್ತುಮಾಡಿದಳು.
ಪ್ರೊಫೈಲುಗಳ ಪಟ್ಟಿ ಇಳಿಸಿದಳು.
ಸ್ಟ್ಯಾಂಡರ್ಡ್: ಬಟ್ಟಲು ಈಜುಕೊಳದ ಟೈಲ್ಸು.
ಪೋರ್ಟ್ರೇಟ್: ಜ್ವರ ಬಿಟ್ಟೆದ್ದವಳ ಕೆನ್ನೆ.
ನ್ಯೂಟ್ರಲ್: ಅಕ್ಕಿ ತೊಳೆದ ನೀರು.
ಲ್ಯಾಂಡ್‌ಸ್ಕೇಪ್‌ಗೆ ಬಾಣ ಹೋದದ್ದು ಕೈತಪ್ಪಿ.
ನಕ್ಕು, ತೆಗೆದಳು. ಟೂರಿಸ್ಟ್ ಕ್ಯಾಲೆಂಡರಿನ ಬಣ್ಣ!

ಅವೇ ಸಂಖ್ಯೆಗಳು. ಒಂದೂ ಕದಲಿಲ್ಲ.
ಎಲ್ಲೋ ಒಬ್ಬ ಎಂಜಿನಿಯರು
ಎಲೆ ಅಂದರೆ ಹೀಗೆ, ಚರ್ಮ ಅಂದರೆ ಹೀಗೆ ಎಂದು
ತೀರ್ಮಾನಿಸಿ ಊಟಕ್ಕೆ ಎದ್ದುಹೋಗಿದ್ದಾನೆ.
ಬಟ್ಟಲಿನ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ.

ಪ್ರದರ್ಶನದ ಕೆಟಲಾಗಿಗೆ ಇದ್ಯಾವುದೂ ಆಗದು.
ಮರುದಿನ ಇಪ್ಪತ್ನಾಲ್ಕು ಬಣ್ಣದ ಚೌಕಗಳ ಹಲಗೆ ಹಿಡಿದು
ಬಸ್ಸು ಹತ್ತಿದಳು. ಅದೇ ಶೆಡ್ಡು, ಅದೇ ಹನ್ನೊಂದೂ ಕಾಲು,
ಬಟ್ಟಲಿದ್ದ ಜಾಗದಲ್ಲೇ ಹಲಗೆ ನಿಲ್ಲಿಸಿ
ಒಂದು ಕ್ಲಿಕ್.
ಈ ಬೆಳಕಿಗೆ, ಈ ಲೆನ್ಸಿಗೆ, ಅವಳದೇ ಪ್ರೊಫೈಲು.

ಬಟ್ಟಲೆಲ್ಲಿ, ಮೇಷ್ಟ್ರೇ?
ಪ್ಯೋ ಗಿಲ್‌ಸಾಂಗ್ ಗಲ್ಲದಿಂದಲೇ ಬಾಗಿಲಾಚೆ ತೋರಿಸಿದರು.
ಚೂರುಗಳ ಗುಡ್ಡೆ. ಮೇಲಿನ ಚೂರಿಗಿನ್ನೂ ಧೂಳು ಕೂತಿಲ್ಲ.
‘ಬರಲಿಲ್ಲ ಅದು’ ಎಂದರು,
ತಪ್ಪಿದ ಬಸ್ಸಿನ ಬಗ್ಗೆ ಹೇಳುವ ಹಾಗೆ.

ಅವಳು ಚೂರೊಂದನ್ನು ಆಯ್ದು ತಂದು ಪರದೆಯ ಪಕ್ಕ ಹಿಡಿದಳು.
ಹೊಸ ಪ್ರೊಫೈಲು ಹಾಕಿದಳು.
ಚೂರಿಗೂ ಚಿತ್ರಕ್ಕೂ ಕೂದಲೆಳೆಯ ಅಂತರವಿಲ್ಲ.
ಇಡೀ ರಾತ್ರಿಯ ನಿದ್ದೆಗೆಟ್ಟ ಹೆಮ್ಮೆಯಿಂದ ಅವರತ್ತ ತಿರುಗಿಸಿದಳು.

ನೋಡಿದರು.
‘ಹೌದು. ಇದೇ ಬಣ್ಣ.
ಇದಕ್ಕೇ ಒಡೆದದ್ದು.’

ನೀಲಿ ಹೆಚ್ಚಾಯಿತೋ ಹಸಿರು ಹೆಚ್ಚಾಯಿತೋ
ಕೇಳೋಣವೆಂದರೆ ಅವರ ಭಾಷೆಯೂ ಜಾಣ:
ಕಡಲೂ ಪುರುದಾ, ಭತ್ತದ ಸಸಿಯೂ ಪುರುದಾ.
ಬಟ್ಟಲು ಮಾತ್ರ ಪುರುದಾ ಆಗಲಿಲ್ಲ.
ಮೂವತ್ತೊಂದು ವರ್ಷ ಪೈನ್ ಸೌದೆ ಒಟ್ಟಿ,
ಗೂಡಿನ ಬಾಯಿ ಮುಚ್ಚಿ,
ಗಾಳಿಯಿಲ್ಲದೆ ಬೆಂಕಿ ತೇಕುವಾಗ
ಲೇಪದೊಳಗಿನ ಕಬ್ಬಿಣ ಮನಸ್ಸು ಬದಲಿಸೀತೆಂದು
ಹೊರಗೆ ಕೂತು ಕಾದಿದ್ದಾರೆ.

ಫೈಲು ಮುಚ್ಚಲು ಹೋದ ಅವಳ ಬೆರಳು
ಪಟ್ಟಿಯ ಮೇಲೆ ಜಾರಿತು.
ಮತ್ತೆ ಆ ಕ್ಯಾಲೆಂಡರು.

‘ನಿಲ್ಲು.’

ಕನ್ನಡಕ ಹುಡುಕಿದರು. ಅದು ಹಣೆಯ ಮೇಲೇ ಇತ್ತು.
ಪರದೆಗೆ ಎಷ್ಟು ಹತ್ತಿರ ಬಾಗಿದರೆಂದರೆ
ಗಾಜಿನ ಮೇಲೆ ಉಸಿರು ಕಟ್ಟಿತು, ತೋಳಿಂದ ಒರೆಸಿದರು.
ತುಂಬಾ ಹೊತ್ತಿನ ಮೇಲೆ, ಕೆಲಸ ಕಲಿಯ ಬಂದವನ ದನಿಯಲ್ಲಿ,
‘ಇದನ್ನ ಯಾವ ಸೌದೆಯಲ್ಲಿ ಸುಟ್ಟೆ?’

ಹ್ಯೇರಿಮ್ ಹೆಸರು ಹೇಳಿದಳು. ಇನ್ನೊಮ್ಮೆ ಹೇಳಿಸಿಕೊಂಡರು.
ಲ್ಯಾನ್-ದು-ಸು-ಕೇ-ಇ-ಪು.
ಗೂಡಿನ ಇಟ್ಟಿಗೆಯ ಮೇಲೆ, ಹಳೆಯ ಒಟ್ಟಣೆಗಳ ಗೀಟಿನ ಕೆಳಗೆ,
ಸೀಮೆಸುಣ್ಣದಲ್ಲಿ ಆ ಆರು ಅಕ್ಷರ ಬರೆದರು,
ಯಾವುದೋ ಬೆಟ್ಟದಲ್ಲಿ ಬೆಳೆಯುವ ಮರದ ಹೆಸರೆಂಬಂತೆ.

ಹೊರಗೆ ಹಲಗೆಯ ಮೇಲೆ
ನಾಳೆಯ ಬಟ್ಟಲುಗಳು, ಒಂಬತ್ತು,
ಹಸಿಯಾಗಿಯೇ ಕೂತಿದ್ದವು.